ಹದ್ದು ಮಾಸ್ತರ ಹೊಸ ಕ್ಯಾಮೆರಾ

ಸ್ಟುಡಿಯೋ ಯಜಮಾನರಿಗೆ ಊರು ಇಟ್ಟ ಹೆಸರು ಹದ್ದು ಮಾಸ್ತರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಶಾಲೆ ಶಾಲೆಗೆ ಹೋಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದವರು. ಹದ್ದು ಎನ್ನುವುದು ಕಣ್ಣಿಗೆ ಸಂದ ಬಿರುದು. ಹಿಂದಿನ ಸಾಲಿನ ಹುಡುಗನ ಅಂಗಿಗೆ ಗುಂಡಿಯಿಲ್ಲದ್ದು ಅವನ ತಾಯಿಗಿಂತ ಮೊದಲು ಮಾಸ್ತರಿಗೆ ಕಾಣುತ್ತಿತ್ತು. “ಕ್ಯಾಮೆರಾನೇ ಫೋಕಸ್ ಮಾಡೋದಾದ್ರೆ ನಾನ್ಯಾಕೆ? ಅದನ್ನ ಸ್ಟ್ಯಾಂಡ್ ಮೇಲಿಟ್ಟು ಮನೆಗೆ ಹೋಗಿ ಮಲಗ್ತೀನಿ” ಎಂದು ಸಿಕ್ಕಸಿಕ್ಕವರ ಮುಂದೆ ಜಂಬ ಕೊಚ್ಚುತ್ತಿದ್ದರು. ಲೆನ್ಸಿನ ಉಂಗುರವನ್ನು ಕೈಯಲ್ಲೇ ತಿರುಗಿಸಿ, ಕಣ್ಣಳತೆಯಲ್ಲೇ ಮುಖ ಹಿಡಿಯಬೇಕು. ಉಳಿದದ್ದೆಲ್ಲ ಅವರ ಪಾಲಿಗೆ ಆಟದ ಸಾಮಾನು. ಕೊನೆಗೆ ಆ ಕಣ್ಣೇ ಕೈಕೊಟ್ಟಿತು.

“ಕಣ್ಣಿನ ಒಳಪರದೆಯ ನಡುಭಾಗ ಸವೆದಿದೆ, ಎರಡರಲ್ಲೂ. ಕನ್ನಡಕ ಬದಲಾಯಿಸಿದ್ರೆ ಹೋಗೋದಲ್ಲ” ಎಂದಿದ್ದರು ಡಾಕ್ಟರು. ನೇರ ನೋಡಿದರೆ ಎದುರಿನವರ ಮುಖವೇ ಮಾಯ, ಕಿವಿ ಮಾತ್ರ ಉಳಿಯುವುದು. ಮಾಸ್ತರು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಲೆನ್ಸಿನೊಳಗೆ ಬೆಳಕು ಬರುವ ಕಂಡಿಯನ್ನು ಆದಷ್ಟು ಕಿರಿದು ಮಾಡಿ ದೊಡ್ಡ ಫ್ಲಾಶ್ ಹೊಡೆದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಬರುತ್ತದೆ. ಆ ಉಪಾಯದಲ್ಲೇ ಒಂದು ವರ್ಷ ದಬ್ಬಿದರು. ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದುವ ಮಗಳಿಗೂ ಗುಮಾನಿ ಬರಲಿಲ್ಲ.

ಅಷ್ಟರಲ್ಲಿ ಹಳೆಯ ಕ್ಯಾಮೆರಾ ಕೆಟ್ಟು ಕೂತಿತು. “ಹೊಸದು ನನ್ನ ಕಡೆಯಿಂದ, ಅಪ್ಪ” ಎಂದು ಮಗಳು ಅವರನ್ನು ಅಂಗಡಿಗೆ ಹೊರಡಿಸಿದಳು. ಮಾಸ್ತರ ಮನಸ್ಸಿನಲ್ಲಿ ಕಳ್ಳ ಆಸೆಯೊಂದು ಚಿಗುರಿತು. ತಾನಾಗಿ ಫೋಕಸ್ ಮಾಡುವ ಕ್ಯಾಮೆರಾ ಸಿಕ್ಕಿದರೆ ಯಾರಿಗೂ ಏನೂ ಹೇಳದೆ ಇನ್ನಷ್ಟು ಕಾಲ ಫೋಟೊ ತೆಗೆಯಬಹುದು. ಸಿಗದಿದ್ದರೆ ಸ್ಟುಡಿಯೋದಲ್ಲಿ ಕುರ್ಚಿ ಒರೆಸುವುದೇ ಗತಿ. ಆದರೆ ಇಷ್ಟು ಕಾಲ ಬೈದದ್ದನ್ನು ಯಾವ ಬಾಯಲ್ಲಿ ಕೇಳುವುದು?

ಅಂಗಡಿಯವನು ಒಂದು ಕಾಲದಲ್ಲಿ ಮಾಸ್ತರ ಹಿಂದೆ ಲೈಟು ಹಿಡಿದು ತಿರುಗಿದವನು. ಗಾಜಿನ ಮೇಜಿನ ಮೇಲೆ ಒಂದೊಂದಾಗಿ ತೆಗೆದಿಟ್ಟ. “ಇದು ಒಳಗೆ ಕನ್ನಡಿ ಇರೋದು. ಸ್ವಲ್ಪ ಭಾರ, ಆದ್ರೆ ಬ್ಯಾಟರಿ ಸಂಜೆತನಕ ಬರತ್ತೆ. ಇದು ಕನ್ನಡಿ ಇಲ್ಲದ್ದು, ಹಗುರ. ಮುಖ ಕಂಡ್ರೆ ಸಾಕು, ತಾನೇ ಕಣ್ಣು ಹುಡುಕಿ ಫೋಕಸ್ ಮಾಡತ್ತೆ. ಮನುಷ್ಯ ಓಡಿದ್ರೂ ಬಿಡಲ್ಲ.”

“ಕೊಡು, ನೋಡೋಣ” ಎಂದರು ಮಾಸ್ತರು, ಏನೂ ಅಲ್ಲವೆಂಬಂತೆ.

ಕ್ಯಾಮೆರಾದ ಹಿಂಬದಿಯ ಕಿಂಡಿಗೆ ಕಣ್ಣಿಟ್ಟು ಮಗಳ ಕಡೆ ತಿರುಗಿಸಿದರು. ಅವಳ ಮುಖ ಕಾಣಲಿಲ್ಲ. ಕ್ಯಾಮೆರಾ ಮಾತ್ರ ಕುಂಯ್ ಎಂದಿತು, ಕಣ್ಣು ಸಿಕ್ಕಿತು ಎಂದರ್ಥ. ಒತ್ತಿದರು. ಅಂಗಡಿಯವನು ಬಗ್ಗಿ ನೋಡಿ, “ರೆಪ್ಪೆಯ ಕೂದಲು ಎಣಿಸಬಹುದು!” ಎಂದ. ಮಾಸ್ತರು ಕ್ಯಾಮೆರಾವನ್ನು ಕೆಳಗಿಡಲಿಲ್ಲ. ಇದು ಬೇಕು, ಇದೊಂದೇ ಬೇಕು.

“ಸುಮ್ನಿರಿ, ಈಗ ಬೈಗುಳ ಶುರುವಾಗತ್ತೆ” ಎಂದು ಮಗಳು ಅಂಗಡಿಯವನಿಗೆ ಹೇಳಿ ನಕ್ಕಳು. ಇಬ್ಬರೂ ಕಾಯುತ್ತಿದ್ದರು. ಮಾಸ್ತರು ಬಾಯಿ ತೆರೆದರು. ಹೇಳಬೇಕೆಂದುಕೊಂಡದ್ದೇ ಬೇರೆ, ನಾಲಿಗೆ ಹೊರಳಿದ್ದು ಹಳೆಯ ದಾರಿಯಲ್ಲೇ.

“ಇದನ್ನ ಮಂಗನ ಕೈಗೆ ಕೊಟ್ರೂ ಫೋಟೊ ತೆಗೆಯತ್ತೆ.”

“ನಾನು ಹೇಳಲಿಲ್ವಾ!” ಮಗಳು ಚಪ್ಪಾಳೆ ತಟ್ಟಿ, ಮೊದಲೇ ಹೇಳಿ ತರಿಸಿಟ್ಟಿದ್ದ ಡಬ್ಬವನ್ನು ಮೇಜಿನ ಕೆಳಗಿನಿಂದ ಎತ್ತಿಸಿದಳು. ಒಳಗೆ ಕನ್ನಡಿಯ ಕ್ಯಾಮೆರಾ, ಕೈಯಲ್ಲೇ ತಿರುಗಿಸುವ ಲೆನ್ಸು. “ಅಪ್ಪನಿಗೆ ಬೇರೆ ಥರದ್ದು ಕೊಟ್ರೆ ಅವಮಾನ ಮಾಡಿದ ಹಾಗೆ. ಇದಕ್ಕಾಗಿ ಎಷ್ಟು ಹುಡುಕಿದೀನಿ ಗೊತ್ತಾ?”

ಮಾಸ್ತರು ಅದನ್ನು ಕೈಗೆತ್ತಿಕೊಂಡರು. ತಾವೇ ತೋಡಿದ ಹಳ್ಳಕ್ಕೆ ಮಗಳು ಪ್ರೀತಿಯಿಂದ ಮುಚ್ಚಳ ಹಾಕುತ್ತಿದ್ದಾಳೆ. ಬೇಡ ಎನ್ನಲು ಕಾರಣ ಹೇಳಬೇಕು, ಕಾರಣ ಹೇಳಿದರೆ ಕ್ಯಾಮೆರಾ ಹಿಡಿಯುವುದೇ ತಪ್ಪುತ್ತದೆ.

“ಮೊದಲ ಫೋಟೊ ನಂದೇ ತೆಗಿ. ಲೆನ್ಸಿನ ಕಂಡಿ ಪೂರ್ತಿ ತೆರೆದು ತೆಗಿ. ನನ್ನ ಮುಖ ಬಿಟ್ಟು ಬೇರೇನೂ ಸ್ಪಷ್ಟ ಇರಬಾರದು” ಎಂದು ಮಗಳು ಬಾಗಿಲ ಮುಂದೆ ನಿಂತಳು. ಮಾಸ್ತರು ಉಂಗುರವನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಒಂದು ಕಡೆ ನಿಲ್ಲಿಸಿ ಒತ್ತಿಬಿಟ್ಟರು.

ಮಗಳು ಓಡಿ ಬಂದು ನೋಡಿದಳು. ಬಾಗಿಲ ಚಿಲಕದ ಮೊಳೆಗಳೂ ಸ್ಪಷ್ಟವಾಗಿದ್ದವು. ಅವಳ ಮುಖ ಹಬೆಯಾಗಿತ್ತು. ಮಾಸ್ತರಿಗೆ ಆ ಚಿತ್ರವೂ ಕಾಣಲಿಲ್ಲ, ಅವಳ ನಗು ನಿಂತದ್ದು ಮಾತ್ರ ತಿಳಿಯಿತು. ಅಂಗಡಿಯವನು ಕೆಮ್ಮಿ ಡಬ್ಬ ಜೋಡಿಸತೊಡಗಿದ.

“ನೀನು ಅಲ್ಲಾಡಿದೆ” ಎಂದರು ಮಾಸ್ತರು.

ಹುಟ್ಟಿದಂದಿನಿಂದ ಅವರ ಕ್ಯಾಮೆರಾ ಮುಂದೆ ನಿಂತು ಬೆಳೆದವಳು. ಅಲ್ಲಾಡಿದ ಫೋಟೊ ಯಾವುದು, ಫೋಕಸ್ ತಪ್ಪಿದ್ದು ಯಾವುದು ಎಂದು ಅವಳಿಗೆ ಕಲಿಸಿದವರೇ ಅವರು. ಅವಳು ಫೋಟೊವನ್ನು ಇನ್ನೊಮ್ಮೆ ನೋಡಿ, ಕ್ಯಾಮೆರಾವನ್ನು ಅವರ ಕೈಗೆ ಮರಳಿಸಿದಳು.

“ಹೌದಪ್ಪ. ನಾನೇ ಅಲ್ಲಾಡಿದ್ದು. ಇನ್ನೊಂದು ತೆಗಿ” ಎಂದಳು, ಮತ್ತೆ ಹೋಗಿ ನಿಂತಳು.

ಮಾಸ್ತರು ಕಿಂಡಿಗೆ ಕಣ್ಣಿಟ್ಟರು. ಅವಳು ಅಳುತ್ತಿದ್ದಾಳೋ ಏನೋ ಅವರಿಗೆ ಕಾಣುತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

“ಸ್ವಲ್ಪ ನಗು, ಮಗಳೇ” ಎಂದರು.