ಬೀಗರು ಮುಟ್ಟದ ತಾಟು

ನ್ಯಾಮತಿಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ ಬುಡನ್‌ಸಾಬರ ಹೆಂಡತಿ ಸೈದಾಬೀ ಓಣಿಗೆಲ್ಲ ಹೆಸರಾಗಿದ್ದದ್ದು ತಾಟು ಹಚ್ಚುವುದರಲ್ಲಿ. ಡಬ್ಬಿಗಳೆಲ್ಲ ತಳ ಕಂಡ ದಿನವೂ ಅಷ್ಟು ಇಷ್ಟು ಗೋರಿ, ನಾಲ್ಕು ಜನ ಸುತ್ತ ಕೂತು ಹರಟುತ್ತಾ ತಿನ್ನುವಷ್ಟನ್ನು ಹೊಂದಿಸಿಬಿಡುತ್ತಿದ್ದಳು. ಕೆರೆಬಿಳಚಿಯ ತವರಿನಿಂದ ಬಂದ ಕಲಾಯಿ ಹಾಕಿದ ತಾಮ್ರದ ದೊಡ್ಡ ತಾಟೊಂದು ಅವಳ ಹತ್ತಿರ ಇತ್ತು. ಮನೆಗೆ ಯಾರೇ ಬರಲಿ, ಜಮಖಾನೆ ಹಾಸಿ ನಡುವೆ ಆ ತಾಟು ಇಟ್ಟರೆ ಮುಗಿಯಿತು. ಬಂದವರು, ಮನೆಯವರು ಎಲ್ಲರ ಕೈಯೂ ಒಂದೇ ತಾಟಿಗೆ. ಅವರ ಜನರಲ್ಲಿ ಹಾಗೆ ಒಂದೇ ತಾಟಿಗೆ ಕೈ ಹಾಕಿದವರ ನಡುವೆ ಜಗಳ ಉಳಿಯಬಾರದು. ಹಾಗೆಯೇ, ಉಳಿದವರು ತಿನ್ನುತ್ತಿರುವಾಗ ತಾಟಿನ ಮುಂದಿನಿಂದ ಎದ್ದವನು ನಂಟು ಕಡಿದುಕೊಂಡು ಎದ್ದ ಹಾಗೆಯೇ ಲೆಕ್ಕ.

ಕೈ ಹೀಗಿದ್ದರೆ ನಾಲಿಗೆ ಇನ್ನೊಂದು ಥರ. ತುದಿಗೆ ಬಂದ ಮಾತನ್ನು ನುಂಗುವುದು ಅವಳಿಗೆ ಗೊತ್ತೇ ಇರಲಿಲ್ಲ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಬುಡನ್‌ಸಾಬರು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಅವಳು ನಕ್ಕು, ಮುತ್ತು ಕಂಡಿದ್ದರೆ ತಾನೇ ಒಡೆಯೋದು ಅನ್ನುತ್ತಿದ್ದಳು.

ಇದ್ದೊಬ್ಬ ಮಗಳು ಹಫೀಜಾಳನ್ನು ಕೊಟ್ಟದ್ದು ಜಗಳೂರಿನಾಚೆಯ ಸೊಕ್ಕೆಗೆ. ಗಾಡಿಯಲ್ಲಿ ಹೋದರೆ ಮೂರು ದಿನದ ದಾರಿ. ಬೆದ್ದಲು ಸೀಮೆ, ಸಜ್ಜೆ, ನವಣೆ, ಶೇಂಗಾ ಬೆಳೆಯುವ ಊರು. ಮದುವೆಯಾದ ವರ್ಷವೇ ಹಫೀಜಾಳ ಮಾವ ಸುಬಾನಸಾಬರು ಸೊಸೆಯನ್ನು ತವರಿಗೆ ಕರೆತಂದಿದ್ದರು. ಅವರು ಕಡಿಮೆ ಮಾತಿನ ಗಂಭೀರ ಮನುಷ್ಯ. ತಾಟಿನ ಮುಂದೆ ಕೂತು ಮೂರು ತುತ್ತು ಬಾಯಿಗೆ ಹಾಕಿಕೊಂಡು, ಮಂಡಕ್ಕಿ ಚೆನ್ನಾಗಿ ಅರಳಿದೆ ಎಂದು ಮೆಚ್ಚಿಕೊಂಡರು. ಬಾಗಿಲ ಮರೆಯಲ್ಲಿ ನಿಂತಿದ್ದ ಸೈದಾಬೀ, ಸುಮ್ಮನಿದ್ದರೆ ಆಗುತ್ತಿತ್ತು, ತಮಾಷೆಗೆಂದು ಒಂದು ಮಾತು ಎಸೆದಳು.

“ತಿನ್ರಿ ಬೀಗರೆ, ತಿನ್ರಿ. ಸೊಕ್ಕೆಯಾಗೆ ನವಣೆ ಬಿಟ್ರೆ ಅಕ್ಕಿ ಕಣ್ಣಿಗೆ ಬಿದ್ದಿರಾಕಿಲ್ಲ.”

ಸುಬಾನಸಾಬರು ಕೈಯಲ್ಲಿದ್ದದ್ದನ್ನು ತಾಟಿನ ಅಂಚಿಗೆ ಇಟ್ಟು ಎದ್ದರು. ಹಿತ್ತಲಿಗೆ ಹೋಗಿ ಕೈ ತೊಳೆದು, ಅಂದೇ ಗಾಡಿ ಕಟ್ಟಿಸಿ ಸೊಸೆಯನ್ನೂ ಕರೆದುಕೊಂಡು ಹೊರಟುಹೋದರು. ಗಾಡಿಯ ಹಿಂದೆ ಕೂತಿದ್ದ ಹಫೀಜಾ ತಿರುವಿನವರೆಗೂ ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮ ಆಡಿದ ಮಾತಿಗೆ ಮಗಳಿಗೆ ತವರು ತಪ್ಪಿತು.

ಅದಾಗಿ ಎರಡೂವರೆ ವರ್ಷ. ಬುಡನ್‌ಸಾಬರು ಎರಡು ಸಲ ಸೊಕ್ಕೆಗೆ ಹೋಗಿ ಕೈಮುಗಿದು ಬಂದರು. ಬೀಗರು ಬೈಯಲಿಲ್ಲ, ಊಟಕ್ಕೂ ಹಾಕಿದರು, ಆದರೆ ಮಗಳನ್ನು ಕಳಿಸುವ ಮಾತು ಮಾತ್ರ ಎತ್ತಲಿಲ್ಲ. ಇತ್ತ ಸೈದಾಬೀ ಭಟ್ಟಿಯ ಮುಂದೆ ಕೂತು ಮಂಡಕ್ಕಿ ಕೇರುವಾಗ ಕೈ ಕೆಲಸ ಮಾಡುತ್ತಿತ್ತು, ಕಣ್ಣು ಮಾತ್ರ ಹೊನ್ನಾಳಿ ರಸ್ತೆಯ ಮೇಲೆ. ಜಗಳೂರು ಕಡೆಯ ಗಾಡಿ ಬಂತೆಂದರೆ ಮೊರ ಕೆಳಗಿಟ್ಟು ಎದ್ದು ಹೋಗಿ, ಸೊಕ್ಕೆಯ ಸುದ್ದಿ ಏನಾದರೂ ಉಂಟೇ ಎಂದು ಕೇಳಿಬರುವಳು. ಮಗಳು ಬಿಟ್ಟುಹೋದ ಹಳೆಯ ಕುಪ್ಪಸವೊಂದು ಪೆಟ್ಟಿಗೆಯಲ್ಲಿತ್ತು. ಅದನ್ನು ಒಗೆಯದೆ ಇಟ್ಟಿದ್ದಳು. ಆಸೆಗೆ ಮಿತಿಯಿಲ್ಲ ಎನ್ನುತ್ತಾರೆ, ಅವಳಿಗಿದ್ದ ಆಸೆ ಬಲು ಸಣ್ಣದು. ಮಗಳು ಎದುರಿಗೆ ಕೂತು ಇದೇ ತಾಟಿನಲ್ಲಿ ಕೈಯಾಡಿಸುತ್ತಾ ಯಾವುದು ಖಾರ, ಯಾವುದು ಸಪ್ಪೆ ಎಂದು ತಗಾದೆ ತೆಗೆಯಬೇಕು, ಅಷ್ಟೇ.

ಎರಡನೇ ಮಹಾಯುದ್ಧ ಶುರುವಾಗಿ ಎರಡು ವರ್ಷ ಕಳೆದ ಆ ಸಲ ದೀಪಾವಳಿಯ ಬೆನ್ನಿಗೇ ರಂಜಾನ್ ಹಬ್ಬ ಬಂತು. ಹಬ್ಬವಾದ ನಾಲ್ಕನೇ ದಿನ ಗಾಡಿಯವನೊಬ್ಬ ಎರಡು ಸುದ್ದಿ ತಂದ. ಹಫೀಜಾಳಿಗೆ ಆರು ತಿಂಗಳು ಎಂಬುದು ಒಂದು. ಸುಬಾನಸಾಬರು ಎತ್ತು ಕೊಳ್ಳಲು ಹೊನ್ನಾಳಿಗೆ ಬರುವವರಿದ್ದಾರೆ, ಬರುವ ಮಂಗಳವಾರ ನ್ಯಾಮತಿಗೂ ಬಂದು ಹೋಗುತ್ತಾರೆ ಎಂಬುದು ಇನ್ನೊಂದು. ಸೈದಾಬೀ ಮೊದಲ ಸುದ್ದಿಗೆ ಅತ್ತಳು, ಎರಡನೆಯದಕ್ಕೆ ಹೆದರಿದಳು. ಚೊಚ್ಚಲ ಬಾಣಂತನ ತವರಲ್ಲಿ ಆಗುವುದು ಎಲ್ಲ ಕುಲದಲ್ಲೂ ಇರುವ ರೂಢಿ. ಏಳು ತುಂಬಿತೆಂದರೆ ಬಸುರಿಯನ್ನು ಅಷ್ಟು ದೂರ ಗಾಡಿಯಲ್ಲಿ ಕೂರಿಸುವಂತಿಲ್ಲ. ಬೀಗರು ಈಗ ತಾಟಿಗೆ ಕೈ ಹಾಕಿದರೆ ಮಗಳು ಬರುತ್ತಾಳೆ, ಹಾಕದಿದ್ದರೆ ಇಲ್ಲ.

ಹಚ್ಚುವುದಾದರೂ ಏನನ್ನು? ಯುದ್ಧದ ದೆಸೆಯಿಂದ ಎಣ್ಣೆ ತುಟ್ಟಿಯಾಗಿ ಬಾಣಲೆ ಒಲೆ ಕಂಡು ತಿಂಗಳಾಗಿತ್ತು. ಹಬ್ಬಕ್ಕೆಂದು ಕೂಡಿಟ್ಟದ್ದು ಹಬ್ಬದಲ್ಲೇ ಮುಗಿದಿತ್ತು. ಆದರೆ ಕಾರ್ತಿಕದ ಹೊಲ ಬಡವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಹೊಸ ಶೇಂಗಾ ಕೀಳುವ ಕಡೆ ಒಂದು ದಿನ ಕೂಲಿಗೆ ಹೋಗಿ, ಕೂಲಿಯ ಬದಲು ಕಾಯಿಯನ್ನೇ ತಂದಳು. ಪಕ್ಕದ ಮನೆಯ ದುರುಗಮ್ಮ ಹೊಲದ ಬದುವಿನಲ್ಲಿ ನಾಲ್ಕು ಸಾಲು ಸಜ್ಜೆ ಹಾಕಿದ್ದಳು. ಹತ್ತು ತೆನೆ, ಒಂದು ಹಿಡಿ ಗುರೆಳ್ಳು ಕೊಟ್ಟು, ಬೀಗರ ಮುಂದೆ ಬಾಯಿಗೆ ಬೀಗ ಹಾಕ್ಕಳೆ ತಾಯಿ ಎಂದು ಬುದ್ಧಿಯನ್ನೂ ಪುಕ್ಕಟೆ ಕೊಟ್ಟಳು. ಹಿತ್ತಲಲ್ಲಿ ಎರಡು ಸೌತೆಕಾಯಿ, ಒಂದಿಷ್ಟು ಅಲಸಂದೆ ಇದ್ದವು, ಡಬ್ಬಿಯ ತಳದಲ್ಲಿ ಒಂದು ಹಿಡಿ ಕಡಲೆ.

ಮಂಗಳವಾರ ಬೆಳಿಗ್ಗೆ ಭಟ್ಟಿಯ ಮರಳು ಕಾದಾಗ ಗಂಡನನ್ನು ಪಕ್ಕಕ್ಕೆ ಸರಿಸಿ ಅದರಲ್ಲೇ ಶೇಂಗಾ, ಕಡಲೆ, ಸಜ್ಜೆ ಎಲ್ಲವನ್ನೂ ಹುರಿದುಕೊಂಡಳು. ಬೇರೆ ಸೌದೆಯ ಖರ್ಚಿಲ್ಲ, ತೊಟ್ಟು ಎಣ್ಣೆ ಬೇಕಿಲ್ಲ. ಹೊಸ ಅಲಸಂದೆಯನ್ನು ಬೇಯಿಸಿ ಬಸಿದಳು. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿಗಳನ್ನು ಉಳಿದಿದ್ದ ಎರಡು ಮಿಳ್ಳೆ ಎಣ್ಣೆಯಲ್ಲಿ ಕರಿದು, ಅದೇ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಮಂಡಕ್ಕಿಗೆ ಒಗ್ಗರಣೆ ಕೊಟ್ಟಳು. ಗುರೆಳ್ಳು ಹುರಿದು, ಒಣಮೆಣಸು, ಉಪ್ಪು ಸೇರಿಸಿ ಕುಟ್ಟಿದಾಗ ಕರ್ರಗಿನ ಪುಡಿ ಘಮ್ಮೆಂದಿತು. ಬಸುರಿಯ ಬಾಯಿಗೆ ಇದಕ್ಕಿಂತ ರುಚಿ ಬೇರೆ ಬೇಡ ಎನ್ನಿಸಿ ಒರಳಿಗೆ ಅಂಟಿದ್ದನ್ನೂ ಬಳಿದು ತೆಗೆದಳು.

ತಾಟು ತುಂಬುವಾಗ ಅವಳದೊಂದು ಲೆಕ್ಕಾಚಾರ. ಮಂಡಕ್ಕಿ ಗುಡ್ಡೆ ಹಾಕಿದರೆ ಸಾಕು, ಅರ್ಧ ಬಡತನ ಮುಚ್ಚಿಹೋಗುತ್ತದೆ. ಸುತ್ತ ಕಾಳು, ಕಾಯಿ, ಪುಡಿ. ಯಾವಾಗಲೂ ಮಂಡಕ್ಕಿಯೇ ನಡುವೆ ಇರುವುದು, ಅದು ಮನೆಯ ಕಸುಬು. ಈ ಸಲ ಅವಳು ಮಂಡಕ್ಕಿಯನ್ನು ಅಂಚಿಗೆ ಸರಿಸಿ, ನಟ್ಟನಡುವೆ ಹುರಿದ ಸಜ್ಜೆಯನ್ನು ಇಟ್ಟಳು. ಅದರ ಪಕ್ಕಕ್ಕೆ ಶೇಂಗಾ. ಸೊಕ್ಕೆಯ ಬೆಳೆಗೆ ತನ್ನ ಮನೆಯಲ್ಲಿ ನಡುಜಾಗ ಕೊಟ್ಟಿದ್ದೇನೆ ಎಂಬುದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿರಲಿಲ್ಲ, ತಾಟೇ ಹೇಳಲಿ ಎಂದುಕೊಂಡಳು.

ಸುಬಾನಸಾಬರು ಬಂದದ್ದು ಇಳಿಹೊತ್ತಿಗೆ. ಗಡ್ಡ ಪೂರ್ತಿ ನೆರೆತಿತ್ತು. ಸಲಾಮು ಆಯಿತು, ಮಳೆ ಬೆಳೆ ಆಯಿತು, ಎತ್ತಿನ ಮಾತಾಯಿತು. ಹಫೀಜಾ ಹೇಗಿದ್ದಾಳೆ ಎಂದು ಬುಡನ್‌ಸಾಬರು ಕೇಳಿದ್ದಕ್ಕೆ, ಇದ್ದಾಳೆ, ಆಮೇಲೆ ಮಾತಾಡೋಣ ಎಂದರು. ಸೈದಾಬೀ ಸೆರಗು ಹೊದ್ದು ತಾಟು ತಂದಿಟ್ಟು, ಒಂದಕ್ಷರ ಆಡದೆ ಬಾಗಿಲ ಮರೆಗೆ ಸರಿದಳು. ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಬೀಗರು ಕೈ ಹಾಕಲಿಲ್ಲ, ತಾಟನ್ನೇ ನೋಡಿದರು. ನಡುವಿನಿಂದ ಶುರುಮಾಡಿ ಸುತ್ತಲೂ ಒಂದೊಂದೇ ಗುಡ್ಡೆಯ ಮೇಲೆ ಕಣ್ಣಿಟ್ಟು ನೋಡಿದರು. ಅವರ ತುಟಿ ಸಣ್ಣಗೆ ಅಲುಗುತ್ತಿತ್ತು. ತಪ್ಪು ಹುಡುಕುತ್ತಿದ್ದಾರೆ ಎಂದುಕೊಂಡಳು ಸೈದಾಬೀ. ಅತಿಥಿ ಶುರುಮಾಡದೆ ಮನೆಯವನು ಶುರುಮಾಡುವಂತಿಲ್ಲ, ಬುಡನ್‌ಸಾಬರ ತೊಳೆದ ಕೈ ಅಲ್ಲೇ ಒಣಗಿತು.

“ತಗಳ್ರಿ ಬೀಗರೆ,” ಎಂದರು ಅವರು, ಎರಡನೇ ಸಲ.

“ಇರಲಿ ಬಿಡ್ರಿ,” ಎಂದು ಸುಬಾನಸಾಬರು ಎದ್ದರು. ನಮಾಜಿಗೆ ಹೊತ್ತಾಯಿತು ಎಂದು ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಮಸೀದಿಯ ಕಡೆಗೆ ನಡೆದೇಬಿಟ್ಟರು. ಬುಡನ್‌ಸಾಬರು ಶುಕ್ರವಾರಕ್ಕೆ ಮಾತ್ರ ಮಸೀದಿಯ ದಾರಿ ಹಿಡಿಯುವವರು. ಭಟ್ಟಿಯಲ್ಲಿ ಮರಳು ಕಾದಿದೆ ಎಂದು ಗೊಣಗುತ್ತಾ ಹಿತ್ತಲಿಗೆ ಹೋದರು.

ಸೈದಾಬೀ ಒಬ್ಬಳೇ ತಾಟಿನ ಮುಂದೆ ಕೂತಳು. ಅಳು ಬರಲಿಲ್ಲ, ಸಿಟ್ಟು ಬಂತು, ಅದೂ ತನ್ನ ಮೇಲೆ. ಈ ಜನ್ಮದಲ್ಲಿ ಮಗಳು ಈ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡಳು. ಬೀಗರು ಬೇಡವೆಂದದ್ದು ಮನೆಯಲ್ಲಿ ಉಳಿಯಬಾರದು ಎನ್ನಿಸಿ, ತಾಟನ್ನು ಹಾಗೆಯೇ ಎತ್ತಿಕೊಂಡು ರಸ್ತೆಗೆ ಬಂದಳು. ಅಲ್ಲಿ ಗಾಡಿ ಬಿಚ್ಚಿ ಕೂತಿದ್ದವರು ಒಡ್ಡಿದ ಹೆಗಲ ವಲ್ಲಿಗಳಿಗೆ ಎಲ್ಲವನ್ನೂ ಸುರಿದಳು. ಅವರು ಹರಸಿದರು. ತಾಟನ್ನು ಬೂದಿ ಹಾಕಿ ತಿಕ್ಕಿ, ಗೋಡೆಗೆ ಒರಗಿಸಿಟ್ಟಳು.

ಹೊತ್ತು ಮುಳುಗುವ ಮುಂಚೆ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ನೋಡಿದರೆ ಸುಬಾನಸಾಬರು. ಬಂದವರು ಜಮಖಾನೆಯ ಮೇಲೆ ಮೊದಲಿನ ಜಾಗದಲ್ಲೇ ಕೂತು, ಬರಿಯ ನೆಲವನ್ನೂ ಗೋಡೆಗೆ ಒರಗಿದ್ದ ತಾಟನ್ನೂ ನೋಡಿದರು.

“ಬಾಂಗು ಆಗಾಕೆ ಇನ್ನೊಂದು ಗಳಿಗೆ ಐತೆ,” ಎಂದರು. “ರೋಜಾ ಬಿಡಾಕೆ ನಿಮ್ಮ ತಾಟಿಗೇ ಬಂದೆ.”

ಬೀಗರು ಇಡೀ ದಿನ ಉಪವಾಸವಿದ್ದರೆಂದು ಸೈದಾಬೀಗೆ ಆಗ ಹೊಳೆಯಿತು. ರಂಜಾನ್ ಕಳೆದ ತಿಂಗಳಲ್ಲಿ ಇನ್ನೂ ಆರು ರೋಜಾ ಹಿಡಿಯುವುದುಂಟು. ಅವಳ ಓಣಿಯವರು ಹಬ್ಬದ ಮಾರನೇ ದಿನದಿಂದಲೇ ಹಿಡಿದು ಒಂದೇ ಬೀಸಿಗೆ ಮುಗಿಸುವವರು. ಅವಳೂ ಮುಗಿಸಿ ಅದನ್ನು ಮರೆತೇಬಿಟ್ಟಿದ್ದಳು. ಸುಬಾನಸಾಬರು ದಾರಿಯ ಅನುಕೂಲ ನೋಡಿಕೊಂಡು ಬಿಡಿಬಿಡಿಯಾಗಿ ಹಿಡಿಯುತ್ತಿದ್ದರು. ತಾನಾಗಿ ಹಿಡಿದ ರೋಜಾವನ್ನು ನಾಲ್ಕು ಜನರೆದುರು ಹೇಳಿಕೊಂಡರೆ ಅದರ ಪುಣ್ಯ, ಆ ಸವಾಬು, ಕರಗುತ್ತದೆಂದು ಬಾಯಿಬಿಟ್ಟಿರಲಿಲ್ಲ.

ಅವಳು ಬಾಗಿಲ ಮರೆ ಬಿಟ್ಟು ಎದುರಿಗೆ ಬಂದು ನಿಂತಳು. ಮುಚ್ಚಿಡಲಿಲ್ಲ. ನೀವು ಬೇಡವೆಂದಿರಿ ಎಂದುಕೊಂಡು ಗಾಡಿಯವರಿಗೆ ಕೊಟ್ಟುಬಿಟ್ಟೆ, ಒಂದು ಕಾಳೂ ಉಳಿದಿಲ್ಲ, ಅಂದು ಆಡಿದ ಮಾತಿಗೆ ಎರಡೂವರೆ ವರ್ಷದಿಂದ ನನ್ನ ಹೊಟ್ಟೆ ಉರಿಯುತ್ತಿದೆ ಎಂದು ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸುಬಾನಸಾಬರು ನಿಧಾನಕ್ಕೆ ಹೇಳಿದರು. ಹಫೀಜಾ ಹಾಸಿಗೆ ಹಿಡಿದಿದ್ದಾಳೆ. ಜೀವಕ್ಕೆ ಭಯವಿಲ್ಲ, ಆದರೆ ಹೆರಿಗೆಯಾಗುವ ತನಕ ಅಲುಗಾಡಬಾರದೆಂದು ಸೂಲಗಿತ್ತಿ ಹೇಳಿದ್ದಾಳೆ. ಕಳಿಸುವ ಮನಸ್ಸು ಈಗ ಇದೆ, ಕಳಿಸುವ ಹಾಗಿಲ್ಲ. ಹಟ ಹಿಡಿದು ತಡ ಮಾಡಿದ್ದು ತನ್ನ ತಪ್ಪು. ಬಾಯಿಗೆ ಏನೂ ಸೇರುವುದಿಲ್ಲ ಹುಡುಗಿಗೆ, ಕಣ್ಣು ಮುಚ್ಚಿದರೆ ತವರಿನ ತಾಟು ಕಾಣುತ್ತದಂತೆ.

“ಹೊರಡೋವಾಗ ಕೈ ಹಿಡಕಂಡು ಕೇಳಿದ್ಲು,” ಎಂದರು ಅವರು. “ಮಾವಾ, ಅಮ್ಮ ತಾಟು ಹಚ್ಚಿದ್ರೆ ಅದರಾಗೆ ಏನೇನಿತ್ತು ನೋಡ್ಕಂಡು ಬರ್ರಿ, ಕೂತು ಒಂದೊಂದೇ ಹೇಳ್ರಿ, ಕೇಳ್ತೀನಿ ಅಂತ. ನನಗೆ ನೆನಪು ಕಮ್ಮಿ. ಅದಕ್ಕೇ ಅಷ್ಟೊತ್ತು ನೋಡಿದೆ.”

ಮಸೀದಿಯಿಂದ ಬಾಂಗು ಕೇಳಿಬಂತು. ಬುಡನ್‌ಸಾಬರು ಭಟ್ಟಿಯಿಂದ ಆಗ ತಾನೇ ತೆಗೆದ ಬಿಸಿ ಮಂಡಕ್ಕಿಯನ್ನು ಮೊರದಲ್ಲಿ ತಂದು, ತಾಟನ್ನು ನಡುವೆ ಇಟ್ಟು ಅದನ್ನಷ್ಟೇ ಸುರಿದರು. ಸುಬಾನಸಾಬರು ನೀರು ಕುಡಿದು ಕೈ ಹಾಕಿದರು. ಬುಡನ್‌ಸಾಬರೂ ಹಾಕಿದರು. ತಿನ್ನುತ್ತಲೇ ಬೀಗರು ಇನ್ನೊಂದು ಮಾತು ಎತ್ತಿದರು. ಬಾಣಂತನಕ್ಕೆ ತಾಯಿ ಬೀಗರ ಮನೆಗೆ ಬಂದು ತಿಂಗಳುಗಟ್ಟಲೆ ಕೂರುವುದು ರೂಢಿಯಲ್ಲಿಲ್ಲ, ಜನ ಆಡಿಕೊಳ್ಳುತ್ತಾರೆ, ತಮಗದು ಗೊತ್ತು. ಆದರೂ ನಾಳೆ ಬೆಳಿಗ್ಗೆ ತಮ್ಮ ಗಾಡಿಯಲ್ಲಿ ಜಾಗ ಇದೆ. ಅಲ್ಲಿ ದಿನಾ ನವಣೆಯೇ ಉಣ್ಣಬೇಕಾದೀತು ಎಂದು ಸೇರಿಸಿದಾಗ ಅವರ ಗಡ್ಡದೊಳಗೆ ಸಣ್ಣ ನಗುವಿತ್ತು.

ಮಾತು ನಾಲಿಗೆಯ ತುದಿಗೇ ಬಾರದ್ದು ಸೈದಾಬೀಯ ಜೀವಮಾನದಲ್ಲಿ ಅದೇ ಮೊದಲು. ಸುಬಾನಸಾಬರು ಒತ್ತಾಯ ಮಾಡಲಿಲ್ಲ. ಸೊಸೆಗೆ ಹೇಳಬೇಕಾದ್ದನ್ನು ಬೆರಳು ಮಡಿಸಿ ನೆನಪು ಮಾಡಿಕೊಳ್ಳತೊಡಗಿದರು. ನಡುವೆ ಸಜ್ಜೆ, ಪಕ್ಕದಲ್ಲಿ ಶೇಂಗಾ, ಕಡಲೆ, ಅಲಸಂದೆ, ಕರಿದ ಮೆಣಸಿನಕಾಯಿ, ಸೌತೆಕಾಯಿ ಹೋಳು, ಮಂಡಕ್ಕಿ. ಅಲ್ಲಿಗೆ ಬೆರಳು ನಿಂತಿತು.

“ಆ ಕಡೆ ಒಂದು ಕರೀ ಪುಡಿ ಇತ್ತಲ್ರೀ,” ಎಂದರು, “ಅದು ಯಾವುದಂತ ಗೊತ್ತಾಗಲಿಲ್ಲ. ಅದನ್ನ ಏನಂತ ಹೇಳ್ಲಿ ಅವಳಿಗೆ?”

“ಅದನ್ನ ನೀವು ಹೇಳೋದು ಬ್ಯಾಡ್ರಿ ಬೀಗರೆ,” ಎಂದಳು ಸೈದಾಬೀ. “ನಾನೇ ಬಂದು ಅವಳ ಬಾಯಿಗೆ ಇಡ್ತೀನಿ.”