ಹೊಳೆಯ ದಾರಿ ಬಲ್ಲ ಹಿಂಡು

ನನ್ನ ಸೋದರಮಾವ ಓಮುರ್ಜಾಕ್ ನಲವತ್ತು ವರ್ಷ ಕುರಿ ಕಾದವನು. ಹಿಮಬೆಟ್ಟಗಳ ನಮ್ಮ ನಾರಿನ್ ಸೀಮೆಯಲ್ಲಿ ಅವನಂಥ ಸೋಮಾರಿ ಕುರಿಗಾಹಿ ಇನ್ನೊಬ್ಬನಿಲ್ಲವೆಂದು ಊರ ಹೆಂಗಸರು ಆಡಿಕೊಳ್ಳುತ್ತಿದ್ದರು. ಆರುನೂರು ಕುರಿ ಮುಂದೆ ಹೋಗುತ್ತಿದ್ದರೆ ಈತ ಹಿಂದೆ ಕುದುರೆಯ ಮೇಲೆ ತೂಕಡಿಸುತ್ತಿದ್ದ. ಕೈಯಲ್ಲಿ ಒಂದು ಕೋಲೂ ಇರುತ್ತಿರಲಿಲ್ಲ.

ಪ್ರತಿ ಜೂನ್ ತಿಂಗಳಲ್ಲಿ ಬೇಸಿಗೆಯ ಹುಲ್ಲುಗಾವಲಿಗೆ ಹೋಗಲು ಹೊಳೆ ದಾಟಬೇಕು. ಹಿಮ ಕರಗಿದ ನೀರು ವರ್ಷವರ್ಷವೂ ತಳದ ಕಲ್ಲು ಸರಿಸುತ್ತದೆ. ಹೋದ ಸಲ ಮೊಣಕಾಲುದ್ದ ನೀರಿದ್ದ ಜಾಗ ಈ ಸಲ ಕುದುರೆಯನ್ನೇ ನುಂಗುತ್ತದೆ. ಮುದಿ ಕುರಿಗಳು ದಡದುದ್ದಕ್ಕೂ ಹರಡಿ ನಿಲ್ಲುತ್ತಿದ್ದವು. ಒಂದು ಕುರಿ ನೀರಿಗೆ ಕಾಲು ಅದ್ದಿ ಹಿಂದೆ ಬರುತ್ತಿತ್ತು. ಆಚೆ ಇನ್ನೊಂದು ಕುರಿ ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು, ಅದರ ಪಕ್ಕಕ್ಕೆ ಮತ್ತೆರಡು ಬರುತ್ತಿದ್ದವು. ಹೀಗೇ ಒಂದು ಗಂಟೆ ಕಳೆಯುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಇಡೀ ಹಿಂಡು ಒಂದೇ ಕಡೆ ತಿರುಗಿ ನೀರಿಗಿಳಿದುಬಿಡುತ್ತಿತ್ತು. ಒಂದು ಮರಿಯೂ ತೇಲಿಹೋದದ್ದಿಲ್ಲ. ಈಗ ಅಲ್ಲಿ ಸೇತುವೆ ಬಂದಿದೆ, ಕುರಿಗಳು ಲಾರಿಯಲ್ಲಿ ಹೋಗುತ್ತವೆ. ಆ ಗೊರಸುಗಳು ಒಟ್ಟಿಗೆ ನೀರಿಗಿಳಿಯುವ ಸದ್ದು ನೆನೆದರೆ ನನಗೆ ಇವತ್ತಿಗೂ ಎದೆ ತುಂಬಿ ಬರುತ್ತದೆ.

“ಯಾವ ಕುರಿ ದಾರಿ ತೋರ್ಸಿದ್ದು ಮಾವ?” ಎಂದು ಒಮ್ಮೆ ಕೇಳಿದ್ದೆ.

“ಯಾವ್ದೂ ಇಲ್ಲ ಕಣೆ. ಒಂದೊಂದೂ ಶುದ್ಧ ಪೆದ್ದು. ಎಲ್ಲಾ ಸೇರ್‍ಕೊಂಡ್ರೆ ಮಾತ್ರ ನನ್ನನ್ನೂ ಮೀರಿಸ್ತವೆ.”

ಪತ್ರಿಕೆಯವನೊಬ್ಬ ಬಂದು ಹಿಂಡಿನ ನಾಯಕನ ಫೋಟೋ ಬೇಕೆಂದು ಹಟ ಹಿಡಿದಾಗ ಮಾವ ಕಿವಿ ಹರಿದ ಮುದಿ ಕುರಿಯೊಂದನ್ನು ಹಿಡಿದುಕೊಟ್ಟ. ದಡದಲ್ಲಿ ಒಂಟಿಯಾಗಿ ನಿಲ್ಲಿಸಿದರೆ ಅದು ಹೊಳೆಗೆ ಬೆನ್ನು ಹಾಕಿ ಪತ್ರಿಕೆಯವನ ಚೀಲವನ್ನೇ ಮೇಯತೊಡಗಿತು. ಮಾವ ವಾರವಿಡೀ ನಕ್ಕ.

ಸೋವಿಯತ್ ಕಾಲ ಮುಗಿದು, ಊರಿನ ಸಾಮೂಹಿಕ ಹಿಂಡನ್ನು ಮನೆಮನೆಗೆ ಹಂಚುವ ವರ್ಷ ನಾನು ಪಶುವೈದ್ಯಕೀಯ ಓದು ಮುಗಿಸಿ ಬಂದಿದ್ದೆ. ಹಂಚುವ ಕೆಲಸ ನನ್ನ ತಲೆಗೆ ಬಂತು. ನನಗೋ ನ್ಯಾಯದ ಹುಚ್ಚು. ಯಾರಿಗೂ ಅನ್ಯಾಯವಾಗಬಾರದೆಂದು ಮುದಿ ಕುರಿಗಳನ್ನು ಬೇರೆ ಮಾಡಿ, ಮನೆಗೊಂದರಂತೆ ಬರಲೆಂದು ಚೀಟಿ ಎತ್ತಿಸಿದೆ.

ಮಾವ ಬಂದು ಬಿಳಿ ಟೋಪಿ ತೆಗೆದು ನನ್ನೆದುರು ನಿಂತ. ಯಾರ ಮುಂದೆಯೂ ಅವನು ಅದನ್ನು ತೆಗೆದದ್ದನ್ನು ನಾನು ಕಂಡಿರಲಿಲ್ಲ.

“ಜಿಪಾರ್, ಮುದಿ ಕುರಿಗಳನ್ನಾದ್ರೂ ಒಟ್ಟಿಗೆ ಬಿಡಮ್ಮ. ನಾಳೆ ಊರ ಕುರೀನೆಲ್ಲ ಹೊಳೆ ದಾಟಿಸ್ಬೇಕಾದೋನು ನಾನು.”

“ಬೇಸಿಗೇಲಿ ಎಲ್ಲಾ ಮತ್ತೆ ಒಂದ್ಕಡೆ ಸೇರ್ತವಲ್ಲ ಮಾವ. ಅವೇ ಕುರಿ, ಅದೇ ಹಿಂಡು.”

“ಓದಿದೋಳು ನೀನು,” ಎಂದು ಟೋಪಿ ಹಾಕಿಕೊಂಡು ಹೋದ.

ಮುಂದಿನ ಜೂನ್‌ನಲ್ಲಿ ಊರವರು ತಮ್ಮ ತಮ್ಮ ಕುರಿಗಳನ್ನು ತಂದು ಮಾವನಿಗೆ ಒಪ್ಪಿಸಿದರು. ಅವುಗಳಲ್ಲಿ ಮುದಿಯವು ಒಂದೂ ಇರಲಿಲ್ಲ. ಮರಿ ಹಾಕದ, ಹಲ್ಲುದುರಿದ ಕುರಿಗೆ ಚಳಿಗಾಲವಿಡೀ ಮೇವು ಹಾಕುವ ದಡ್ಡತನ ಯಾವ ಮನೆಯವರು ಮಾಡುತ್ತಾರೆ? ಹೊಳೆಯ ದಡದಲ್ಲಿ ಹಿಂಡು ನಿಂತೇಬಿಟ್ಟಿತು. ಎರಡು ದಿನ ಕಾದರೂ ಒಂದು ಕುರಿಯೂ ನೀರಿಗೆ ಕಾಲು ಅದ್ದಲಿಲ್ಲ. ಮೂರನೆಯ ದಿನ ಜನ ಬಾಯಿಗೆ ಬಂದಂತೆ ಬೈದರು. ಮಾವ ಬಾಳಿನಲ್ಲಿ ಮೊದಲ ಸಲ ಕೋಲು ಹಿಡಿದು ಹಿಂಡನ್ನು ನೀರಿಗೆ ಅಟ್ಟಿದ. ನಡುನೀರಿನಲ್ಲಿ ಅವು ದಿಕ್ಕಾಪಾಲಾಗಿ, ಕಾಲುಭಾಗ ಕೊಚ್ಚಿಹೋದವು.

ಆಮೇಲೆ ಯಾರೂ ಅವನಿಗೆ ಕುರಿ ಒಪ್ಪಿಸಲಿಲ್ಲ, ಅವನೂ ಕೇಳಲಿಲ್ಲ. ನಾನು ಅವನ ಮನೆಗೆ ಹೋಗಿ ಅತ್ತುಬಿಟ್ಟೆ.

“ಚೀಟಿ ಎತ್ತಿಸಿದ್ದು ನಾನು, ಕೊಯ್ದು ತಿಂದಿದ್ದು ಊರವ್ರು. ಬೈಸ್ಕೊಂಡಿದ್ದು ಮಾತ್ರ ನೀವೊಬ್ರೇ ಮಾವ.”

ಅವನು ಚಹಾದ ಬಟ್ಟಲನ್ನು ನನ್ನ ಕಡೆ ಸರಿಸಿದ.

“ಊರವ್ರಿಗೇನು ಗೊತ್ತಿತ್ತು, ಪಾಪ. ಗೊತ್ತಿದ್ದೋನು ನಾನೊಬ್ಬ. ಮೊದಲನೇ ಹಿಮ ಬಿದ್ದ ದಿನ ನೀನು ಬಂದು, ಅಕ್ಕನ ಮಗಳು ಬಂದ್ರೆ ಬರೀ ಚಹಾ ರೊಟ್ಟೀನಾ ಅಂತ ರೇಗಿಸ್ದೆ. ಕೊಟ್ಟಿಗೇಲಿ ನನ್ನ ಪಾಲಿಗೆ ಬಂದ ಮುದಿ ಕುರಿ ಇತ್ತು. ಅದೊಂದು ಹೋದ್ರೆ ಏನು ಮಹಾ ಅಂದ್ಕೊಂಡು ಕೊಯ್ದೆ. ಎರಡು ಸಲ ಹಾಕಿಸ್ಕೊಂಡು ತಿಂದೆ ನೀನು, ಮಗಳೇ.”