ಹಲಗೆಯ ಮೇಲಿನ ದಕಾರ

ಸುತಾರ್ಮಿ ಮೇಡಂ, ನಮ್ಮ ಮಾತಿನಲ್ಲಿ 'ಬು' ಸುತಾರ್ಮಿ, ಹದಿನೇಳು ವರ್ಷದಿಂದ ಜಾವಾ ದ್ವೀಪದ ನಮ್ಮ ಗುನುಂಗ್‌ಕಿದುಲ್ ಶಾಲೆಯಲ್ಲಿ ಜಾವಾ ಲಿಪಿ ಕಲಿಸುತ್ತಿದ್ದರೂ ಕೆಲಸ ಖಾಯಂ ಆಗಿರಲಿಲ್ಲ. ಹಲಗೆಯ ಅಕ್ಷರ ಕಂಡರೆ ಮಕ್ಕಳು ಆಕಳಿಸುತ್ತಾರೆಂದು, ತಾವೇ ಕತೆ ಕಟ್ಟಿ, ಚಿತ್ರ ಬರೆದು, ಟ್ಯಾಬ್‌ನಲ್ಲಿ ಓದುವ ಒಂಬತ್ತು ಪುಸ್ತಕ ಮಾಡಿದರು. ಅಕ್ಷರ ಮುಟ್ಟಿದರೆ ಅವರದೇ ದನಿ ಕೇಳಿಸುತ್ತಿತ್ತು.

ಹೆಡ್‌ಮಾಸ್ಟರ್ ಮರ್ಗೊನೊ ಅವರಿಗೆ ಆ ಲಿಪಿಯ ಪೀರಿಯಡ್‌ಗಳು ಗಣಿತಕ್ಕೆ ಬೇಕಿದ್ದವು. ತೀರ್ಮಾನಕ್ಕೆ ಇನ್‌ಸ್ಪೆಕ್ಟರ್ ವಿನಾರ್ತೊ ಬಂದರು. ಪಕ್ಕದ ತರಗತಿಯ ಟೀಚರ್ ಆದ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ನಾಲ್ಕನೇ ತರಗತಿಯ ಕಿನಾಸಿಹ್ ಒಂದು ಕತೆಯನ್ನು ಪಟಪಟ ಓದಿದಳು. ಇನ್‌ಸ್ಪೆಕ್ಟರ್ ಟ್ಯಾಬ್ ಕಿತ್ತು ಬೋರಲು ಹಾಕಿದರು.

"ಇದೇನು ಓದೋದಾ, ಬು ಸುತಾರ್ಮಿ? ಕೇಳಿ ಕೇಳಿ ಬಾಯಿಪಾಠ. ಗಿಣಿ ಸಾಕಿದ್ದೀರಿ."

ಸೀಮೆಸುಣ್ಣ ಹಿಡಿದು ಒಂದು ಸಾಲು ಬರೆದರು. "ಓದಮ್ಮ."

ಮಗು ಆಡುತ್ತಿದೆ ಎಂಬಲ್ಲಿಯವರೆಗೆ ಕಿನಾಸಿಹ್ ಸರಾಗವಾಗಿ ಬಂದಳು. ಕೊನೆಯ ಪದದ ಮುಂದೆ ನಿಂತಳು. ಸುತಾರ್ಮಿ ಹಲಗೆಯನ್ನೇ ನೋಡುತ್ತಿದ್ದರು.

"ವೆದಿ," ಎಂದಳು ಹುಡುಗಿ. ವೆದಿ ಎಂದರೆ ಭಯ. ತರಗತಿ ಕಿಸಕ್ಕೆಂದಿತು.

"ನೋಡಿದ್ರಾ? ವೆಡಿ! ಮಗು ಮರಳಲ್ಲಿ ಆಡ್ತಿದೆ!" ಎಂದರು ಇನ್‌ಸ್ಪೆಕ್ಟರ್. ವೆಡಿ ಎಂದರೆ ಮರಳು.

"ಅಲ್ಲಿ ಹಾಗಿಲ್ವಲ್ಲ, ಪಕ್..." ಎಂದು ಇನ್‌ಸ್ಪೆಕ್ಟರ್ ಸರ್‌ಗೆ ಹೇಳುವಾಗ ಅವಳ ಕಣ್ಣು ತುಂಬಿತು.

"ಕೂತ್ಕೊ! ದೊಡ್ಡೋರಿಗೆ ಎದುರಾಡ್ತೀಯ?" ಮರ್ಗೊನೊ ಗದರಿದರು.

ನಾನು ಹಲಗೆ ನೋಡಿದೆ. ಇನ್‌ಸ್ಪೆಕ್ಟರೇ ಡಕಾರದ ಜಾಗದಲ್ಲಿ ದಕಾರ ಬರೆದಿದ್ದರು. ನೋಡಿಯೂ ನಾನು ಬಾಯಿ ಬಿಡಲಿಲ್ಲ. ಸುತಾರ್ಮಿಯೂ ನೋಡಿದ್ದರು. ಒಂದು ಮಾತು ಹೆಚ್ಚಾದರೆ ಅವರ ಕೆಲಸ ಹೋಗುತ್ತಿತ್ತು.

ಅವರು ಎದ್ದರು. "ಕ್ಷಮಿಸಬೇಕು, ಪಕ್," ಎಂದು ತಲೆ ಬಾಗಿಸಿ, ಟ್ಯಾಬ್ ತಿರುಗಿಸಿ ಒಂದು ಅಕ್ಷರ ಮುಟ್ಟಿದರು. "ದ," ಎಂದಿತು ಅದು. ಇನ್ನೊಂದು ಮುಟ್ಟಿದರು. "ಡ."

"ಹಲಗೆ ಮೇಲಿರೋದು ಮೊದಲನೇದು. ಕಿನಾಸಿಹ್ ತಾವು ಬರೆದಿದ್ದನ್ನೇ ಓದಿದ್ದಾಳೆ."

ವಿನಾರ್ತೊ ಕನ್ನಡಕ ತೆಗೆದು ಹಲಗೆಯ ಹತ್ತಿರ ಹೋದರು. ಅವರ ಕಿವಿ ಕೆಂಪಾಯಿತು. ಹೆಬ್ಬೆರಳಿನಿಂದ ಅಕ್ಷರ ಒರೆಸಿ, ತಿದ್ದಿದರು. ಆಮೇಲೆ ಒತ್ತಕ್ಷರ ತುಂಬಿದ ಮೂರು ಹೊಸ ಸಾಲು ಬರೆದು, ಬೇರೆ ಬೇರೆ ಮಕ್ಕಳನ್ನು ಎಬ್ಬಿಸಿದರು. ಒಬ್ಬ ತಡವರಿಸಿದ. ಉಳಿದವರು ಓದಿದರು.

ಹೊಗಳಿಕೆಯ ಒಂದು ಮಾತೂ ಇಲ್ಲದೆ ಅವರು ಸಹಿ ಹಾಕಿ ಹೊರಟರು. ಪೀರಿಯಡ್‌ಗಳು ಉಳಿದವು. ಸುತಾರ್ಮಿಯ ಕೆಲಸ ಮಾತ್ರ ಇಂದಿಗೂ ಖಾಯಂ ಆಗಿಲ್ಲ.

ಅಂದು ಸ್ಟಾಫ್‌ರೂಮಿನಲ್ಲಿ ಅವರು ಚಹಾದ ಲೋಟ ಹಿಡಿದು ನನ್ನ ಎದುರು ಕೂತರು.

"ಆ ತಪ್ಪು ನಿಂಗೂ ಕಾಣಿಸ್ತು, ಅಲ್ವಾ?" ಎಂದು ಕೇಳಿದರು.

"ಹ್ಞೂಂ, ಬು," ಎಂದೆ. ಅವರು ಟ್ಯಾಬ್ ಎತ್ತಿಕೊಂಡು ಮುಂದಿನ ತರಗತಿಗೆ ಹೊರಟರು.